ಗಿರಾಕಿ ಯಾರೆಂದು ತೀರ್ಮಾನಿಸುವವರು ಯಾರು?



ಜವಳಿ ವ್ಯಾಪಾರದಲ್ಲಿ ಬದುಕು ಸವೆಸಿದ ಹಿರಿಯರೊಬ್ಬರ ನೆನಪಿನ ದತ್ತಿ ಉಪನ್ಯಾಸ ಇದು. ಅಂಗಡಿಯ ವಿಷಯವನ್ನೇ ಮಾತಾಡುವುದು ಅವರಿಗೆ ಸಲ್ಲಬೇಕಾದ ಮರ್ಯಾದೆ ಎಂದುಕೊಂಡು ಬಂದಿದ್ದೇನೆ. ಪ್ರಶ್ನೆ ನೇರವಾಗಿದೆ. ಅಂಗಡಿ ನನ್ನದು, ಬಂಡವಾಳ ನನ್ನದು, ಲಾಭ ನಷ್ಟ ಎರಡೂ ನನ್ನ ತಲೆಯ ಮೇಲೆ. ಹೀಗಿರುವಾಗ ಬಂದ ಗಿರಾಕಿಗೆ "ನಿನಗೆ ಕೊಡುವುದಿಲ್ಲ, ಹೋಗು" ಎನ್ನುವ ಹಕ್ಕು ನನಗೆ ಇದೆಯೋ ಇಲ್ಲವೋ?

ನಮ್ಮ ಹೋಟೆಲು, ಲಾಡ್ಜುಗಳ ಗೋಡೆಯ ಮೇಲೆ ‘ಪ್ರವೇಶದ ಹಕ್ಕನ್ನು ಕಾಯ್ದಿರಿಸಲಾಗಿದೆ’ ಎಂಬ ಬೋರ್ಡು ಇರುತ್ತದೆ. ಈ ಹಕ್ಕು ಎಲ್ಲಿಂದ ಬಂತು, ಯಾವ ಕಾಯ್ದೆಯಲ್ಲಿದೆ ಎಂದು ಕೇಳಿದರೆ ಗಲ್ಲಾಪೆಟ್ಟಿಗೆಯ ಮೇಲೆ ಕೂತವರಲ್ಲಿ ಉತ್ತರವಿಲ್ಲ. ‘ಸಾಲ ಕೇಳಬೇಡಿ’ ಬೋರ್ಡಿನ ಜೊತೆಗೆ ಅದನ್ನೂ ಕೊಂಡು ತಂದು ತೂಗುಹಾಕಿರುತ್ತಾರೆ, ಅಷ್ಟೆ. ಸಾಲದ ಬೋರ್ಡಿಗಾದರೂ ಒಂದು ಅರ್ಥವಿದೆ.

ಈ ಚರ್ಚೆ ಸಾಮಾನ್ಯವಾಗಿ ಎರಡು ಪಕ್ಷಗಳ ಜಗಳವಾಗಿ ನಡೆಯುತ್ತದೆ. ಒಂದು ಕಡೆ ಮಾಲೀಕನ ಸ್ವಾತಂತ್ರ್ಯ, ಇನ್ನೊಂದು ಕಡೆ ಗಿರಾಕಿಯ ಘನತೆ. ಕಾನೂನಿನ ಪಾಠ ಹೇಳುತ್ತಿದ್ದಾಗ ನಾನೂ ಹಾಗೆಯೇ ಹೇಳಿಕೊಡುತ್ತಿದ್ದೆ, ಪಠ್ಯ ಹಾಗಿತ್ತು. ಆದರೆ ನಿಜವಾದ ಪ್ರಕರಣಗಳ ವಿವರಕ್ಕೆ ಇಳಿದರೆ ಮೂರನೆಯ ಪಕ್ಷವೊಂದು ಮೂಲೆಯಲ್ಲಿ ನಿಂತಿರುವುದು ಕಾಣುತ್ತದೆ. ಉಳಿದ ಗಿರಾಕಿಗಳು, ನೆರೆಹೊರೆಯವರು, ಊರು. ‘ಕೊಡುವುದಿಲ್ಲ’ ಎಂಬ ಮಾತು ಮಾಲೀಕನ ಬಾಯಿಂದ ಬಂದರೂ ಬಹಳ ಸಲ ಅದು ಇವರ ಮಾತು. ಈ ಸಂಜೆ ನಾನು ಹೇಳಬೇಕೆಂದಿರುವುದು ಇದನ್ನೇ.

ಡಾ. ಅಂಬೇಡ್ಕರ್ ತಮ್ಮ ಆತ್ಮಕಥನದ ಟಿಪ್ಪಣಿಗಳಲ್ಲಿ 1901ರ ಒಂದು ಪ್ರಯಾಣವನ್ನು ವಿವರಿಸುತ್ತಾರೆ. ಅವರು ಆಗ ಇನ್ನೂ ಹುಡುಗ. ಅಣ್ಣ ಹಾಗೂ ಅಕ್ಕನ ಮಕ್ಕಳ ಜೊತೆ ಸಾತಾರಾದಿಂದ ಹೊರಟು ಮಸೂರು ನಿಲ್ದಾಣದಲ್ಲಿ ಇಳಿದಿದ್ದರು. ಕೊರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ತಂದೆಗೆ ಇವರು ಬರುವ ಕಾಗದ ತಲುಪಿರಲಿಲ್ಲ, ಕರೆದೊಯ್ಯಲು ಯಾರೂ ಬಂದಿರಲಿಲ್ಲ. ನಿಲ್ದಾಣದ ಹೊರಗೆ ಬಾಡಿಗೆ ಎತ್ತಿನ ಗಾಡಿಗಳಿದ್ದವು, ಮಕ್ಕಳ ಬಳಿ ದುಡ್ಡೂ ಇತ್ತು. ಮಹಾರ್ ಮಕ್ಕಳೆಂದು ತಿಳಿದ ಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆಗೆ ಒಬ್ಬ ಒಪ್ಪಿದ, ಅದೂ ಒಂದು ಕರಾರಿನ ಮೇಲೆ. ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ.

ಈ ಗಾಡಿಯವನನ್ನು ಸ್ವಲ್ಪ ಗಮನವಿಟ್ಟು ನೋಡಿ. ಅವನಿಗೆ ಬಾಡಿಗೆ ಬೇಕಿತ್ತು. ಎರಡರಷ್ಟು ಸಿಕ್ಕರೆ ಗಾಡಿಯನ್ನೇ ಮಕ್ಕಳ ಕೈಗೆ ಕೊಡಲು ತಯಾರಿದ್ದ. ಗಾಡಿಗಾಗಲಿ ಎತ್ತಿಗಾಗಲಿ ಮೈಲಿಗೆ ಎನ್ನಲಿಲ್ಲ. ಅವರ ಪಕ್ಕದಲ್ಲಿ ತಾನು ಕೂತಿರುವುದನ್ನು ದಾರಿಯಲ್ಲಿ ಯಾರಾದರೂ ಕಂಡರೆ ಏನು ಗತಿ ಎಂಬ ಅಳುಕೂ ಆ ನಡಿಗೆಯಲ್ಲಿ ಇತ್ತೆಂದು ನನ್ನ ಓದು. ಮುಂದೆ ಬರೋಡಾದಲ್ಲಿ ಅಂಬೇಡ್ಕರರಿಗೆ ಆದದ್ದೂ ಇದಕ್ಕೆ ದೂರವಲ್ಲ. ವಿದೇಶದಲ್ಲಿ ಓದಿ, ಸಂಸ್ಥಾನದ ನೌಕರಿಗೆಂದು ಬಂದವರಿಗೆ ತಂಗಲು ಜಾಗವಿರಲಿಲ್ಲ. ಪಾರ್ಸಿ ವಸತಿಗೃಹವೊಂದರ ಉಸ್ತುವಾರಿ, ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸಿಕೊಂಡು, ಬಾಡಿಗೆ ಪಡೆದು ಇರಿಸಿಕೊಂಡ. ಕೆಲವೇ ದಿನಗಳಲ್ಲಿ ದೊಣ್ಣೆ ಹಿಡಿದ ಗುಂಪೊಂದು ಬಂದು ಸಂಜೆಯೊಳಗೆ ಖಾಲಿ ಮಾಡಬೇಕೆಂದು ಗದರಿಸಿತು. ಉಸ್ತುವಾರಿಗೆ ಬಾಡಿಗೆಯ ಗಿರಾಕಿ ಬೇಕಿದ್ದ. ಬೇಡವಾಗಿದ್ದು ಹೊರಗಿನವರಿಗೆ.

ಸಂವಿಧಾನದ 15(2)ನೇ ವಿಧಿಯ ಹಿಂದೆ ಇಂತಹ ಅನುಭವಗಳ ಒತ್ತಡವಿದೆ. ಮೂಲಭೂತ ಹಕ್ಕುಗಳಲ್ಲಿ ಬಹುಪಾಲು ಸರ್ಕಾರದ ಕೈ ಕಟ್ಟಲು ಇರುವಂಥವು. ಈ ವಿಧಿ ಹಾಗಲ್ಲ, ಖಾಸಗಿಯವರನ್ನೂ ಹಿಡಿಯುತ್ತದೆ. ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಇವುಗಳ ಕಾರಣವೊಂದರಿಂದಲೇ ಯಾವ ನಾಗರಿಕನಿಗೂ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರಗೃಹ, ಮನರಂಜನೆಯ ತಾಣಗಳ ಪ್ರವೇಶ ತಪ್ಪಬಾರದು ಎಂಬುದು ಅದರ ಸಾರ. 1948ರ ನವೆಂಬರ್ 29ರಂದು, ಅದು ಇನ್ನೂ ಕರಡಿನ 9ನೇ ವಿಧಿಯಾಗಿದ್ದಾಗ, ಸಂವಿಧಾನ ಸಭೆಯಲ್ಲಿ ಚರ್ಚೆಗೆ ಬಂತು. ಅಂಗಡಿ ಎಂದರೆ ಯಾವುದು ಎಂಬ ಪ್ರಶ್ನೆ ಎದ್ದಿತು. ಅಂಬೇಡ್ಕರ್ ಅದನ್ನು ಸಾಮಾನು ಮಾರುವ ಜಾಗಕ್ಕೆ ಸೀಮಿತಗೊಳಿಸಲಿಲ್ಲ. ಕೇಳಿಕೊಂಡು ಬಂದ ಯಾರಿಗಾದರೂ ತನ್ನ ಸೇವೆ ಕೊಡಲು ತಯಾರಾಗಿ ಒಬ್ಬಾತ ಕೂತಿರುವ ಜಾಗವೆಲ್ಲ ಅಂಗಡಿಯೇ ಎಂದು ವಿವರಿಸಿದರು. ವೈದ್ಯರು, ವಕೀಲರು ಕೂರುವ ಕೊಠಡಿಯೂ ಸೇರುತ್ತದೆಯೆ ಎಂದು ಕೇಳಿದ್ದಕ್ಕೆ, ಸೇವೆ ಕೊಡುವ ಯಾರೇ ಆಗಲಿ ಸೇರುತ್ತಾರೆ ಎಂದರು. ಸೇವೆಯ ಷರತ್ತುಗಳಿಗೆ ಗಿರಾಕಿ ಒಪ್ಪಿರಬೇಕು ಎಂಬ ಮಾತನ್ನೂ ಅವರು ಸೇರಿಸಿದ್ದರು. ಅಂದರೆ ದರ, ಸಮಯ, ಸರದಿ ಇವೆಲ್ಲ ಮಾಲೀಕನ ಕೈಯಲ್ಲೇ ಉಳಿದವು. 2011ರಲ್ಲಿ ಖಾಸಗಿ ವೈದ್ಯಕೀಯ ಕಾಲೇಜಿನ ಪ್ರವೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಚರ್ಚೆಯನ್ನೇ ಆಧಾರವಾಗಿ ಹಿಡಿದು ‘ಅಂಗಡಿ’ಗೆ ವಿಶಾಲವಾದ ಅರ್ಥ ಕೊಟ್ಟಿತು.

1955ರಲ್ಲಿ ಬಂದ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರ ತಿದ್ದುಪಡಿಯ ನಂತರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾಯಿತು. ಅದರಲ್ಲಿ ಕ್ಷೌರದಂಗಡಿ, ಲಾಂಡ್ರಿ, ತಳ್ಳುಗಾಡಿ ಎಲ್ಲಕ್ಕೂ ಹೆಸರು ಹಿಡಿದು ಜಾಗ ಕೊಟ್ಟಿದ್ದಾರೆ. ಹೋಟೆಲಿನಲ್ಲಿ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆಗಳನ್ನು ಬಳಸದಂತೆ ತಡೆಯುವುದೂ ಅಪರಾಧ. ನಮ್ಮ ಹಳ್ಳಿಗಳ ಎರಡು ಲೋಟದ ಪದ್ಧತಿಯನ್ನು ಕಂಡವರಿಗೆ ಈ ಸಾಲು ಯಾಕೆ ಬಂತೆಂದು ವಿವರಿಸಬೇಕಾಗಿಲ್ಲ. ಕೇರಿಯವರಿಗೆ ಬೇರೆ ಲೋಟ, ಕುಡಿದ ಮೇಲೆ ಅವರೇ ತೊಳೆದಿಡಬೇಕು. ಚಹಾ ಸಿಗುತ್ತಿತ್ತು, ಕಾಸೂ ಅಷ್ಟೇ ಬೀಳುತ್ತಿತ್ತು.

ಈಗ ನಮ್ಮ ಹತ್ತಿರದ ಒಂದು ಸಂಗತಿ. 2020ರ ನವೆಂಬರಿನಲ್ಲಿ ಮೈಸೂರು ಜಿಲ್ಲೆ ನಂಜನಗೂಡು ತಾಲ್ಲೂಕಿನ ಹಲ್ಲರೆ ಗ್ರಾಮದಿಂದ ಪತ್ರಿಕೆಗಳಿಗೆ ಒಂದು ವರದಿ ಬಂತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಕ್ಷೌರ ಮಾಡಿದ್ದಕ್ಕೆ ತನಗೂ ತನ್ನ ಮನೆಯವರಿಗೂ ಬಹಿಷ್ಕಾರ ಹಾಕಿ, 50,000 ರೂಪಾಯಿ ದಂಡ ವಿಧಿಸಿದ್ದಾರೆ ಎಂದು ಅಲ್ಲಿನ ಕ್ಷೌರಿಕರೊಬ್ಬರು ದೂರಿದ್ದರು. ಈ ಮೊತ್ತವನ್ನು ಕಾಯ್ದೆಯ ಪಕ್ಕದಲ್ಲಿಟ್ಟು ನೋಡಿ. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸಿದವನಿಗೆ 6ನೇ ಕಲಮಿನಡಿ, ಮೊದಲ ಅಪರಾಧವಾದರೆ, 1ರಿಂದ 6 ತಿಂಗಳ ಸೆರೆವಾಸ, ಜೊತೆಗೆ ದಂಡ. ದಂಡ 100 ರೂಪಾಯಿಗೆ ಕಡಿಮೆಯಿಲ್ಲ, 500ಕ್ಕೆ ಹೆಚ್ಚಿಲ್ಲ. ಸೇವೆ ಕೊಡದಿದ್ದರೆ ಸರ್ಕಾರ ಹಾಕುವುದು ಹೆಚ್ಚೆಂದರೆ 500, ಸೇವೆ ಕೊಟ್ಟರೆ ಊರು ಹಾಕುವುದು 50,000. ಸೆರೆವಾಸ ಎಂಬುದು ಪೊಲೀಸ್ ಠಾಣೆ, ಕೋರ್ಟು ದಾಟಿ ಬರಬೇಕಾದ ದೂರದ ಮಾತು. ಊರಿನ ದಂಡ ಮಾರನೆಯ ದಿನವೇ ಕೊಡಬೇಕಾದದ್ದು. ಕತ್ತರಿ ಹಿಡಿದವನು ಯಾವುದಕ್ಕೆ ಹೆದರುತ್ತಾನೆಂದು ಲೆಕ್ಕ ಹಾಕಲು ಅರ್ಥಶಾಸ್ತ್ರ ಓದಬೇಕಿಲ್ಲ.

ಕ್ಷೌರಿಕ ಈ ಕಥೆಯಲ್ಲಿ ಮಾಲೀಕನೇ ಎಂಬ ಪ್ರಶ್ನೆಯನ್ನೂ ಕೇಳಬೇಕು. ಆಯಗಾರರ ವ್ಯವಸ್ಥೆಯಲ್ಲಿ ಅವನು ಊರಿನ ಮನೆಗಳಿಗೆ ವರ್ಷವಿಡೀ ಕೆಲಸ ಮಾಡಿ, ಸುಗ್ಗಿಯಲ್ಲಿ ಕಣದ ಹತ್ತಿರ ಹೋಗಿ ಆಯದ ಕಾಳು ಪಡೆಯುತ್ತಿದ್ದವನು. ಯಾರ ಮನೆಗೆ ಹೋಗಬೇಕು, ಯಾರ ಗಡ್ಡ ಮುಟ್ಟಬಾರದು ಎಂಬುದನ್ನು ಕಾಳು ಅಳೆದುಕೊಡುವವರು ತೀರ್ಮಾನಿಸಿದ್ದರು. ಕಾಲ ಬದಲಾಗಿ ಕಾಳಿನ ಬದಲು ನಗದು ಬಂತು, ಜಗಲಿಯ ಬದಲು ಕನ್ನಡಿ, ತಿರುಗುವ ಕುರ್ಚಿಯ ಕಟಿಂಗ್ ಶಾಪು ಬಂತು. ಬಾಡಿಗೆ ಜಾಗ ಮಾತ್ರ ಊರ ಮುಖಂಡರದೇ. ಹಾಗಾಗಿ ಹಳ್ಳಿಯ ಕ್ಷೌರದಂಗಡಿಯ ನಿರಾಕರಣೆಯನ್ನು ‘ಮಾಲೀಕನ ಸ್ವಾತಂತ್ರ್ಯ’ ಎಂಬ ತಲೆಬರಹದಡಿ ಚರ್ಚಿಸುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಅವನ ತಪ್ಪನ್ನು ನಾನು ಮನ್ನಿಸುತ್ತಿಲ್ಲ. ಎದುರಿಗೆ ಬಂದು ಹಿಂದಿರುಗಿದವನಿಗೆ ಆದ ಅವಮಾನ, ಹೇಳಿದವನು ಹೆದರಿ ಹೇಳಿದ ಎಂಬ ಕಾರಣಕ್ಕೆ ಕಡಿಮೆಯಾಗುವುದಿಲ್ಲ.

ಪೇಟೆಯಲ್ಲಿ ಹತ್ತು ರೂಪಾಯಿ ನಾಣ್ಯದ ಕಥೆ ನಿಮಗೆಲ್ಲ ಗೊತ್ತು. ಅದು ಚಲಾವಣೆಯಲ್ಲಿದೆ ಎಂದು ರಿಸರ್ವ್ ಬ್ಯಾಂಕು ಪದೇ ಪದೇ ಹೇಳಿದರೂ ಅಂಗಡಿಯವರು ಮುಟ್ಟುತ್ತಿರಲಿಲ್ಲ. ಯಾಕೆಂದರೆ, "ನಾನು ತಗೋತೀನಿ ಸಾರ್, ನನ್ನ ಹತ್ರ ಯಾರೂ ತಗೊಳ್ಳಲ್ಲ." ಎಲ್ಲರೂ ಇದೇ ಮಾತು ಹೇಳುತ್ತ, ಯಾರಿಗೂ ದ್ವೇಷವಿಲ್ಲದ ನಾಣ್ಯವೊಂದು ಊರಿನಿಂದಲೇ ಹೊರಗಾಯಿತು. ಜಾತಿಯಲ್ಲಿ ದ್ವೇಷವೂ ಇದೆ ನಿಜ. ಆದರೆ ಗಲ್ಲಾಪೆಟ್ಟಿಗೆಯ ಮೇಲಿನ ಸಮಜಾಯಿಷಿ ಇದೇ ಧಾಟಿಯದು.

ಇದು ನಮ್ಮ ದೇಶದ ಕಾಯಿಲೆ ಮಾತ್ರವಲ್ಲ. ವೆಸ್ಟ್ ಇಂಡೀಸಿನ ದೊಡ್ಡ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ 1943ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಪಂದ್ಯವಾಡಲೆಂದು ಲಂಡನ್ನಿನ ಇಂಪೀರಿಯಲ್ ಹೋಟೆಲಿನಲ್ಲಿ ಹೆಂಡತಿ ಮಗಳೊಂದಿಗೆ ನಾಲ್ಕು ರಾತ್ರಿಗೆ ಕೋಣೆ ಕಾದಿರಿಸಿದ್ದರು. ಬಂದ ಮೇಲೆ ಒಂದು ರಾತ್ರಿ ಮಾತ್ರ ಇರಬಹುದು ಎಂದರು. ಕಾರಣ, ಹೋಟೆಲಿನಲ್ಲಿದ್ದ ಅಮೆರಿಕನ್ನರು. ಮತ್ತೆ ಅದೇ ಮೂರನೆಯ ಪಕ್ಷ! ತಮಾಷೆಯೆಂದರೆ ಅವರನ್ನು ಕಳಿಸಿದ್ದು ಅದೇ ಕಂಪನಿಯ ಇನ್ನೊಂದು ಹೋಟೆಲಿಗೆ. ಇಂಗ್ಲೆಂಡಿನಲ್ಲಿ ಆಗ ವರ್ಣಭೇದದ ವಿರುದ್ಧ ಕಾಯ್ದೆ ಇರಲಿಲ್ಲ. ಆದರೆ ಶತಮಾನಗಳಷ್ಟು ಹಳೆಯ ರೂಢಿಯ ಕಾನೂನೊಂದಿತ್ತು. ಛತ್ರ ನಡೆಸುವವನು ಜಾಗವಿದ್ದರೆ, ಸರಿಯಾಗಿ ನಡೆದುಕೊಳ್ಳುವ ಯಾವ ದಾರಿಹೋಕನನ್ನೂ ಸಕಾರಣವಿಲ್ಲದೆ ಹೊರಗಟ್ಟುವಂತಿಲ್ಲ. 1944ರಲ್ಲಿ ನ್ಯಾಯಮೂರ್ತಿ ಬರ್ಕೆಟ್ ಅದೇ ಆಧಾರದ ಮೇಲೆ ಕಾನ್‌ಸ್ಟಂಟೈನ್ ಪರ ತೀರ್ಪು ಕೊಟ್ಟರು. ಪರಿಹಾರ 5 ಗಿನಿ, ಹೆಸರಿಗಷ್ಟೆ. ಅವರು ಕೇಳಿದ್ದೂ ದುಡ್ಡನ್ನಲ್ಲ.

ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ಹೋಟೆಲುಗಳ ಬಾಗಿಲನ್ನು ಎಲ್ಲರಿಗೂ ತೆರೆಸಿತು. ಅಟ್ಲಾಂಟಾದ 216 ಕೋಣೆಗಳ ಮೋಟೆಲೊಂದರ ಮಾಲೀಕ ಕೂಡಲೇ ಕೋರ್ಟಿಗೆ ಹೋದ. ಅವನು ವಕೀಲನೂ ಹೌದು. ನನಗೆ ಬೇಡದವರ ಸೇವೆ ಮಾಡೆಂದು ಬಲವಂತ ಮಾಡುವುದು ಜೀತಕ್ಕೆ ಸಮ, ಆದ್ದರಿಂದ ಗುಲಾಮಗಿರಿಯನ್ನು ರದ್ದು ಮಾಡಿದ 13ನೇ ತಿದ್ದುಪಡಿಗೆ ವಿರುದ್ಧ ಎಂದು ವಾದಿಸಿದ. ಗುಲಾಮರ ಮೊಮ್ಮಕ್ಕಳಿಗೆ ಕೋಣೆ ಕೊಡದಿರಲು ಗುಲಾಮಗಿರಿಯ ವಿರುದ್ಧದ ತಿದ್ದುಪಡಿ! ಸುಪ್ರೀಂ ಕೋರ್ಟು ಒಕ್ಕೊರಲಿನಿಂದ ಅದನ್ನು ತಳ್ಳಿಹಾಕಿತು. ಅದೇ ದಿನ ತೀರ್ಮಾನವಾದ ಇನ್ನೊಂದು ಪ್ರಕರಣ ನನಗೆ ಇನ್ನೂ ಹೆಚ್ಚು ಕಲಿಸಿದ್ದು. ಬರ್ಮಿಂಗ್‌ಹ್ಯಾಮಿನ ಆಲೀಸ್ ಬಾರ್ಬೆಕ್ಯೂ ಎಂಬ ಊಟದ ಹೋಟೆಲಿನಲ್ಲಿ ಕೆಲಸದವರ ಪೈಕಿ ಮೂರರಲ್ಲಿ ಎರಡು ಪಾಲು ಕಪ್ಪು ಜನ. ಕಪ್ಪು ಗಿರಾಕಿಗಳಿಗೆ ಕಟ್ಟಿಸಿಕೊಂಡು ಹೋಗಲು ಅಡ್ಡಿಯಿಲ್ಲ, ಒಳಗೆ ಕೂತು ಉಣ್ಣುವಂತಿಲ್ಲ. ಅಡುಗೆಯ ಕೈ ಆಗಬಹುದು, ಪಕ್ಕದ ಕುರ್ಚಿ ಆಗದು. ನಮ್ಮ ಎರಡು ಲೋಟದ ದಾಯಾದಿಯೇ. ಎಲ್ಲರನ್ನೂ ಕೂರಿಸಿದರೆ ವ್ಯಾಪಾರ ಗಣನೀಯವಾಗಿ ಕುಸಿಯುತ್ತದೆ ಎಂಬುದನ್ನು ಕೆಳಗಿನ ಕೋರ್ಟು ಒಪ್ಪಿಕೊಂಡಿತ್ತು. ಬಿಳಿಯರು ಬೇರೆ ಹೋಟೆಲಿಗೆ ಹೋಗಿಬಿಡುತ್ತಾರೆ ಎಂಬ ಭಯ ಅದು. ಕಾಯ್ದೆ ಈ ಭಯದ ಬುಡಕ್ಕೇ ಕೊಡಲಿ ಹಾಕಿತು. ಪಕ್ಕದ ಹೋಟೆಲಿಗೂ ಅದೇ ನಿಯಮವಾದ ಮೇಲೆ ಮುನಿಸಿಕೊಂಡ ಗಿರಾಕಿ ಹೋಗುವುದೆಲ್ಲಿಗೆ? ಒಬ್ಬನೇ ಬಾಗಿಲು ತೆರೆದರೆ ನಷ್ಟ, ಎಲ್ಲರೂ ತೆರೆದರೆ ಯಾರಿಗೂ ನಷ್ಟವಿಲ್ಲ. ಮಾಲೀಕನನ್ನು ಕಟ್ಟಿಹಾಕುವ ಕಾನೂನು ಅವನನ್ನು ಅವನ ಗಿರಾಕಿಗಳಿಂದ ಬಿಡಿಸುವ ಕಾನೂನೂ ಆಗುವುದು ಹೀಗೆ.

ಮತ್ತೆ ನಮ್ಮ ಬೋರ್ಡುಗಳಿಗೆ ಬರೋಣ. ಬೆಂಗಳೂರಿನ ಶಂಕರಪುರದಲ್ಲಿ ಬೋರ್ಡಿನ ಮೇಲೆ ಜಾತಿಯ ಹೆಸರಿರುವ ಕಾಫಿ ಬಾರೊಂದು ಪ್ರಸಿದ್ಧವಾಗಿದೆ. ಬೆಳಿಗ್ಗೆ ಅಲ್ಲಿ ಇಡ್ಲಿಗೆ ನಿಂತವರ ಜಾತಿಯನ್ನು ಯಾರೂ ಕೇಳುವುದಿಲ್ಲ, ಕೇಳುವಷ್ಟು ಪುರುಸೊತ್ತೂ ಯಾರಿಗೂ ಇಲ್ಲ. ಹಿಂದೆ ಅಂತಹ ಬೋರ್ಡು ಒಳಗೆ ಯಾರು ಬರಬೇಕೆಂದು ಹೇಳುತ್ತಿತ್ತು. ಈಗ ಅದು ಚಟ್ನಿಯ ಜಾಹೀರಾತು.

ಹಾಗಾದರೆ ವ್ಯಾಪಾರಿ ಯಾರಿಗೂ ಇಲ್ಲ ಎನ್ನುವಂತೆಯೇ ಇಲ್ಲವೆ? ಧಾರಾಳವಾಗಿ ಎನ್ನಬಹುದು. ಸಾಲ ಕೊಡದಿರಬಹುದು. ಕುಡಿದು ಗಲಾಟೆ ಮಾಡುವವನನ್ನು ಹೊರಗೆ ಕಳಿಸಬಹುದು. ಬಾಗಿಲು ಹಾಕುವ ಹೊತ್ತಿಗೆ ಬಂದವನಿಗೆ ನಾಳೆ ಬಾ ಎನ್ನಬಹುದು. ಇವೆಲ್ಲ ಗಿರಾಕಿ ಮಾಡಿದ್ದಕ್ಕೆ, ಇಲ್ಲವೇ ಕೇಳಿದ್ದಕ್ಕೆ ಕೊಟ್ಟ ಉತ್ತರ. ಅವನು ಯಾರ ಹೊಟ್ಟೆಯಲ್ಲಿ ಹುಟ್ಟಿದ ಎಂಬುದಕ್ಕೆ ಕೊಟ್ಟದ್ದಲ್ಲ. ಇನ್ನು ಆಟೊ ಚಾಲಕ ಬಾಡಿಗೆಗೆ ಬರುವುದಿಲ್ಲ ಎಂದರೆ ಮೋಟಾರು ವಾಹನ ಕಾಯ್ದೆಯ 178ನೇ ಕಲಮಿನಡಿ ಅಪರಾಧ. ಬೆಂಗಳೂರಿನಲ್ಲಿ ಇದನ್ನು ಹೇಳಿದರೆ ನಗುತ್ತಾರೆ, ಆ ಮಾತು ಬೇರೆ.

ಕಷ್ಟವಿರುವುದು ನಡುವಿನ ಜಾಗದಲ್ಲಿ. 2014ರಲ್ಲಿ ಬೆಲ್‌ಫಾಸ್ಟಿನ ಆಶರ್ಸ್ ಎಂಬ ಬೇಕರಿಗೆ ಒಬ್ಬಾತ ಸಲಿಂಗ ವಿವಾಹವನ್ನು ಬೆಂಬಲಿಸಿ ಎಂಬ ಘೋಷಣೆಯಿದ್ದ ಕೇಕ್ ಬೇಕೆಂದ. ಧಾರ್ಮಿಕ ನಂಬಿಕೆಯ ಮಾಲೀಕರು ಆಗದೆಂದು ಹಣ ಹಿಂದಿರುಗಿಸಿದರು. 2018ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಬೇಕರಿಯವರ ಪರ ತೀರ್ಪು ಕೊಟ್ಟಿತು. ಅವರು ಬೇಡವೆಂದಿದ್ದು ಆ ಘೋಷಣೆಯನ್ನು, ಆ ಮನುಷ್ಯನನ್ನಲ್ಲ. ಬೇರೆ ಯಾರೇ ಬಂದು ಅದನ್ನೇ ಕೇಳಿದ್ದರೂ ಇದೇ ಉತ್ತರ ಸಿಗುತ್ತಿತ್ತು ಎಂಬುದು ತರ್ಕ. ನನಗೆ ಈ ಗೆರೆ ಸರಿಯೆನಿಸುತ್ತದೆ. ತನ್ನ ಪಕ್ಷಕ್ಕೆ ಒಗ್ಗದ ಕರಪತ್ರವನ್ನು ಅಚ್ಚು ಹಾಕೆಂದು ಮುದ್ರಣಾಲಯದವರನ್ನು ಬಲವಂತ ಮಾಡಬಾರದು. ಆದರೆ ಅದೇ ಮುದ್ರಕ ಎಲ್ಲರ ಮದುವೆಯ ಕರೆಯೋಲೆ ಅಚ್ಚು ಹಾಕುತ್ತ, ಬೇರೆ ಬೇರೆ ಜಾತಿಯ ಹುಡುಗ ಹುಡುಗಿಯ ಹೆಸರು ಕಂಡಾಗ ಮಾತ್ರ ಆಗುವುದಿಲ್ಲ ಎಂದರೆ ಅದು ಮಾತಿನ ಆಕ್ಷೇಪವಲ್ಲ, ಮನುಷ್ಯರ ಆಕ್ಷೇಪ. ಅಮೆರಿಕದ ಸುಪ್ರೀಂ ಕೋರ್ಟು 2023ರಲ್ಲಿ ಮದುವೆಯ ಜಾಲತಾಣ ವಿನ್ಯಾಸ ಮಾಡುವವರೊಬ್ಬರ ಪ್ರಕರಣದಲ್ಲಿ 6–3ರ ಬಹುಮತದಿಂದ ಈ ಗೆರೆಯನ್ನು ಬಹಳ ಆಚೆಗೆ ಸರಿಸಿಬಿಟ್ಟಿತೆಂದು ನನ್ನ ಅಭಿಪ್ರಾಯ. ಹೂ ಕಟ್ಟುವವರು, ಫೋಟೊ ತೆಗೆಯುವವರು, ಅಡುಗೆ ಭಟ್ಟರು ಎಲ್ಲರೂ ನಾವು ಕಲಾವಿದರು ಎಂದು ಹೊರಟರೆ ಮದುವೆ ಮನೆಗೆ ಬರುವವರು ಯಾರು?

ನಮ್ಮ ನಗರಗಳಲ್ಲಿ ಈಗ ಜಾತಿಯನ್ನು ಬಾಯಿಬಿಟ್ಟು ಕೇಳುವುದಿಲ್ಲ, ಬಟ್ಟೆ ನೋಡುತ್ತಾರೆ. 2024ರ ಫೆಬ್ರುವರಿಯಲ್ಲಿ ರಾಜಾಜಿನಗರದ ಮೆಟ್ರೊ ನಿಲ್ದಾಣದಲ್ಲಿ, ಟಿಕೆಟಿದ್ದ ರೈತರೊಬ್ಬರನ್ನು ಬಟ್ಟೆ ಕೊಳೆಯಾಗಿದೆಯೆಂದು ತಡೆದರು. ಅದೇ ವರ್ಷದ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ, ಮಗನ ಜೊತೆ ಸಿನಿಮಾಕ್ಕೆ ಬಂದಿದ್ದ ಹಿರಿಯ ರೈತರನ್ನು ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲೇ ನಿಲ್ಲಿಸಿದರು. ಮೆಟ್ರೊ ನಿಗಮ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು, ಸರ್ಕಾರ ಮಾಲನ್ನು ಒಂದು ವಾರ ಮುಚ್ಚಿಸಿತು. ಆಸ್ತಿ ತೆರಿಗೆ ಬಾಕಿಯ ಮಾತೂ ಅದರ ಜೊತೆ ಸೇರಿಕೊಂಡಿತು. ಜನಾಕ್ರೋಶಕ್ಕೆ ಉತ್ತರ ಸಿಕ್ಕಿತು ನಿಜ. ಆದರೆ 15(2)ರಲ್ಲಿ ಬಟ್ಟೆಯ ಮಾತಿಲ್ಲ. ಪಕ್ಕದ ತಮಿಳುನಾಡು ಈ ಕೊರತೆಯನ್ನು ತನ್ನ ಮಟ್ಟಿಗೆ ತುಂಬಿಕೊಂಡಿತು. 2014ರಲ್ಲಿ ವೇಷ್ಟಿ ಉಟ್ಟಿದ್ದ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನು ಚೆಪಾಕಿನ ಕ್ರಿಕೆಟ್ ಕ್ಲಬ್ಬು ಒಳಗೆ ಬಿಡದಿದ್ದಾಗ, ಅದೇ ವರ್ಷ ಅಲ್ಲಿನ ವಿಧಾನಸಭೆ ವಸ್ತ್ರದ ನಿರ್ಬಂಧದ ವಿರುದ್ಧ ಒಂದು ಕಾಯ್ದೆಯನ್ನೇ ಮಾಡಿತು. ನ್ಯಾಯಮೂರ್ತಿಗಳಿಗೆ ಆದದ್ದರಿಂದ ಕಾಯ್ದೆ ಬೇಗ ಬಂತು ಎಂದು ಕುಹಕವಾಡಬಹುದು. ಬಂದದ್ದಂತೂ ಒಳ್ಳೆಯದೇ. ಪಂಚೆಯನ್ನು ಕಂಡು ಮುಖ ಸಿಂಡರಿಸುವವರು ಬಾಗಿಲ ಕಾವಲುಗಾರರಲ್ಲ, ಒಳಗೆ ತಂಪಿನಲ್ಲಿ ತಿರುಗಾಡುವ ‘ಒಳ್ಳೆಯ’ ಗಿರಾಕಿಗಳು ಎಂದು ಮಾಲಿನವರು ಊಹಿಸಿಕೊಂಡಿರುತ್ತಾರೆ.

ಬಾಡಿಗೆ ಮನೆಯ ವಿಷಯಕ್ಕೆ ಬಂದರೆ ನನ್ನ ಮಾತು ಸ್ವಲ್ಪ ತಡವರಿಸುತ್ತದೆ. ಸಸ್ಯಾಹಾರಿಗಳಿಗೆ ಮಾತ್ರ ಎಂಬ ಬೋರ್ಡು ಎಷ್ಟು ಬೀದಿಗಳಲ್ಲಿಲ್ಲ! ಊಟದ ಹೆಸರಿನಲ್ಲಿ ಜಾತಿ, ಧರ್ಮ ಎರಡನ್ನೂ ಜರಡಿ ಹಿಡಿಯುವ ಬೋರ್ಡು ಅದು. ಮನೆ ಅಂಗಡಿಯೆ? ಮಹಡಿಯ ಮೇಲಿನ ಒಂದು ಕೋಣೆಯನ್ನು ಕೊಡುವ ವಿಧವೆಗೂ, ನೂರಾರು ಫ್ಲ್ಯಾಟುಗಳ ಸಮುಚ್ಚಯ ಕಟ್ಟಿದವನಿಗೂ ಒಂದೇ ನಿಯಮ ಸರಿಯೆನಿಸುವುದಿಲ್ಲ. ಅಮೆರಿಕದವರು 1964ರ ಕಾಯ್ದೆಯಲ್ಲೇ, ಮಾಲೀಕನೇ ವಾಸವಿರುವ, 5ಕ್ಕಿಂತ ಹೆಚ್ಚು ಬಾಡಿಗೆ ಕೋಣೆಗಳಿಲ್ಲದ ವಸತಿಗೃಹಕ್ಕೆ ವಿನಾಯಿತಿ ಕೊಟ್ಟರು. ಅಂತಹ ಗೆರೆಯನ್ನು ನಾವು ಎಳೆದೇ ಇಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಮೀಸಲಿಡುವ ಉಪನಿಯಮವನ್ನು ಎತ್ತಿಹಿಡಿಯಿತು. ಸಣ್ಣ ಸಮುದಾಯವೊಂದು ಒಟ್ಟಿಗೆ ಇರಬೇಕೆನ್ನುವುದು ನನಗೆ ಅರ್ಥವಾಗುತ್ತದೆ. ಅದೇ ಹಕ್ಕನ್ನು ಊರಿನ ಬಲಾಢ್ಯರು ಕೈಗೆತ್ತಿಕೊಂಡರೆ ಅಗ್ರಹಾರ ಮತ್ತೆ ಕಟ್ಟಿದಂತೆ. ದಲ್ಲಾಳಿಯ ಮೂಲಕ, ಪತ್ರಿಕೆಯ ಜಾಹೀರಾತಿನ ಮೂಲಕ ಬಾಡಿಗೆದಾರರನ್ನು ಹುಡುಕುವವನು ಅಂಬೇಡ್ಕರರ ಅರ್ಥದಲ್ಲಿ ಅಂಗಡಿ ತೆರೆದು ಕೂತವನೇ ಎಂದು ನಾನು ವಾದಿಸುತ್ತೇನೆ. ತಾನು ಇರುವ ಮನೆಯಲ್ಲೇ ಒಂದು ಕೋಣೆ ಕೊಡುವವರನ್ನು ಸದ್ಯಕ್ಕೆ ಬಿಡೋಣ.

ಹಳ್ಳಿಯ ವಿಷಯಕ್ಕೆ ಬೇಕಾದ ಅಸ್ತ್ರಗಳು ಹಳೆಯ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲೇ ಇವೆ. ಮೂರನೆಯ ಪಕ್ಷವನ್ನು ಅದನ್ನು ಬರೆದವರು ಮರೆತಿರಲಿಲ್ಲ. ಅಸ್ಪೃಶ್ಯತೆ ಆಚರಿಸಲು ಒಪ್ಪದ ತಮ್ಮದೇ ಸಮುದಾಯದವನನ್ನು ಹೊರಗೆ ಹಾಕಿದರೆ 7ನೇ ಕಲಮಿನಡಿ ಶಿಕ್ಷೆಯಿದೆ. ಊರಿಗೆ ಊರೇ ಕುಮ್ಮಕ್ಕು ಕೊಟ್ಟಿದ್ದರೆ 10ಎ ಕಲಮಿನಡಿ ರಾಜ್ಯ ಸರ್ಕಾರ ಸಾಮೂಹಿಕ ದಂಡ ವಿಧಿಸಬಹುದು. ಸೇವೆ ನಿರಾಕರಿಸಿ ಶಿಕ್ಷೆಯಾದವನ ಪರವಾನಗಿಯನ್ನು 8ನೇ ಕಲಮಿನಡಿ ಕೋರ್ಟು ರದ್ದುಗೊಳಿಸಬಹುದು. ಪರಿಶಿಷ್ಟ ಜಾತಿಯ ವ್ಯಕ್ತಿಗೆ ಹೀಗಾದಾಗ, ಅದು ಅಸ್ಪೃಶ್ಯತೆಯ ಕಾರಣಕ್ಕೇ ಆಯಿತೆಂದು ಮೊದಲು ಭಾವಿಸಿಕೊಳ್ಳಬೇಕು, ಅಲ್ಲವೆಂದು ತೋರಿಸುವ ಹೊಣೆ ಎದುರಿನವರದು ಎನ್ನುತ್ತದೆ 12ನೇ ಕಲಮು. 2015ರ ತಿದ್ದುಪಡಿಯಿಂದ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಆರ್ಥಿಕ ಬಹಿಷ್ಕಾರವೂ ಅಪರಾಧವಾಗಿದೆ. ಹಲ್ಲರೆಯಂತಹ ವರದಿ ಬಂದಾಗ ಅಧಿಕಾರಿಗಳು ಎರಡೂ ಕಡೆಯವರನ್ನು ಕೂರಿಸಿ ಶಾಂತಿಸಭೆ ನಡೆಸುವುದು ನಮ್ಮಲ್ಲಿ ರೂಢಿ. ನಾನು ಕೇಳುವುದು, ಶಾಂತಿಸಭೆಗೆ ಹೋಗುವ ತಹಶೀಲ್ದಾರರು 7 ಮತ್ತು 10ಎ ಕಲಮುಗಳ ಕನ್ನಡ ಪ್ರತಿಯನ್ನು ಕೈಯಲ್ಲಿ ಹಿಡಿದು ಹೋಗಲಿ, ಸಭೆಯ ಮೊದಲು ಅದನ್ನು ಗಟ್ಟಿಯಾಗಿ ಓದಲಿ ಎಂದು. ಪಂಚಾಯಿತಿಯಿಂದ ಪಾಲಿಕೆಯವರೆಗೆ ಉದ್ದಿಮೆ ಪರವಾನಗಿ ಕೊಡುವ ಪ್ರತಿಯೊಂದು ಕಚೇರಿಯೂ ಆ ಕಾಗದದ ಮೇಲೆಯೇ 8ನೇ ಕಲಮನ್ನು ಅಚ್ಚು ಹಾಕಿಸಲಿ. ಪರವಾನಗಿಯನ್ನು ಅಂಗಡಿಯಲ್ಲಿ ಕಾಣುವಂತೆ ತೂಗುಹಾಕುವುದು ಹೇಗೂ ರೂಢಿ. ‘ಪ್ರವೇಶದ ಹಕ್ಕನ್ನು ಕಾಯ್ದಿರಿಸಲಾಗಿದೆ’ ಬೋರ್ಡಿಗೆ ಹೊಡೆದ ಮೊಳೆಯನ್ನು ಅದಕ್ಕೇ ಬಳಸಿಕೊಳ್ಳಬಹುದು.

ಪ್ರಶ್ನೆಗಳಿದ್ದರೆ ಕೇಳಿ. ವ್ಯಾಪಾರಸ್ಥರು ಮೊದಲು ಕೇಳಿದರೆ ಸಂತೋಷ.